ಜಿಗಿತಕ್ಕೆ ತಕ್ಕ ಪಂಜರ

ಪ್ರಾಣಿ ದೊಡ್ಡದಾದರೆ ದೊಡ್ಡ ಜಾಗ, ಚಿಕ್ಕದಾದರೆ ಚಿಕ್ಕ ಜಾಗ. ಎಮ್ಮೆಗೆ ಕೊಟ್ಟಿಗೆ, ನಾಯಿಗೆ ಜಗಲಿ, ಕೋಳಿಗೆ ಗೂಡು, ಗಿಳಿಗೆ ಪಂಜರ. ಈ ಲೆಕ್ಕವನ್ನು ನಮಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ, ಸುತ್ತಲಿನ ಮನೆಗಳನ್ನು ನೋಡುತ್ತ ತಾನಾಗಿ ಬಂದದ್ದು. ಬಹುಮಟ್ಟಿಗೆ ಅದು ಸರಿಯೂ ಹೌದು.

ಈಗ ಅದೇ ಲೆಕ್ಕ ಹಿಡಿದು ಎರಡು ಪ್ರಾಣಿಗಳನ್ನು ನೋಡೋಣ. ಒಂದು ಗಿನಿಪಿಗ್. ಕಾಲೇಜಿನ ಪ್ರಯೋಗಶಾಲೆಯಲ್ಲೋ ಸಾಕುಪ್ರಾಣಿಗಳ ಅಂಗಡಿಯಲ್ಲೋ ನೀವು ಕಂಡಿರಬಹುದು. ಬೆಳೆದಾಗ ಸುಮಾರು ಒಂದು ಕಿಲೊ ತೂಗುತ್ತದೆ. ಇನ್ನೊಂದು ಚಿಂಚಿಲ್ಲಾ. ಬೂದುಬಣ್ಣ, ಅಗಲವಾದ ಕಿವಿ, ಪೊದೆಯಾದ ಬಾಲ, ಮುಟ್ಟಿದರೆ ಬೆರಳು ಹುದುಗಿಹೋಗುವಷ್ಟು ದಟ್ಟ ತುಪ್ಪಳ. ತೂಕ ಮಾತ್ರ ಅರ್ಧ ಕಿಲೊ ಆಸುಪಾಸು. ಎರಡೂ ದಕ್ಷಿಣ ಅಮೆರಿಕದ ದಂಶಕಗಳು, ಒಂದೇ ಬಳಗದವು. ಎರಡೂ ಹುಲ್ಲು ತಿಂದು ಬದುಕುವವು. ಹಾಗಾದರೆ ಗಿನಿಪಿಗ್‌ಗೆ ಸಾಕಾಗುವ ಪಂಜರದ ಅರ್ಧದಷ್ಟು ಚಿಂಚಿಲ್ಲಾಕ್ಕೆ ಸಾಕಲ್ಲವೇ?

ಪಶುವೈದ್ಯರ ಕೈಪಿಡಿಗಳನ್ನು ತೆರೆದರೆ ಉತ್ತರ ತಿರುಗುಮುರುಗಾಗಿದೆ. ಒಂದು ಜೋಡಿ ಚಿಂಚಿಲ್ಲಾಕ್ಕೆ 2 ಮೀಟರ್, 2 ಮೀಟರ್, 1 ಮೀಟರ್ ಅಳತೆಯ ಪಂಜರವನ್ನು ಸೂಚಿಸುವ ಕೈಪಿಡಿಗಳಿವೆ. ಬೆಂಗಳೂರಿನ ಎಷ್ಟೋ ಬಾಡಿಗೆ ಮನೆಗಳ ಸ್ನಾನದ ಕೋಣೆ ಇದಕ್ಕಿಂತ ಬಹಳ ದೊಡ್ಡದಿರುವುದಿಲ್ಲ. ಅರ್ಧ ತೂಕದ ಪ್ರಾಣಿ ಇಷ್ಟು ಜಾಗವನ್ನು ಏಕೆ ಕೇಳುತ್ತದೆ? ಕೇಳುವುದು ಪ್ರಾಣಿಯೋ, ಅದರ ಮೇಲೆ ಅಕ್ಕರೆ ಹೆಚ್ಚಾದ ಮನುಷ್ಯರೋ? ಕೇಳುವುದು ಪ್ರಾಣಿಯೇ ಎಂದು ತೋರಿಸಲು 17ನೇ ಶತಮಾನದ ಇಟಲಿಯವನೊಬ್ಬನ ನೆರವು ನಮಗೆ ಬೇಕಾಗುತ್ತದೆ. ಅದಕ್ಕೂ ಮೊದಲು ಈ ಪ್ರಾಣಿಯ ತವರನ್ನು ನೋಡಿ ಬರಬೇಕು.

ಬಂಡೆಯ ಸಂದಿಯ ನೆಂಟ

ಚಿಂಚಿಲ್ಲಾದಲ್ಲಿ ಎರಡು ಜಾತಿಗಳಿವೆ. ಗಿಡ್ಡ ಬಾಲದ್ದು ಆಂಡಿಸ್ ಪರ್ವತಗಳ ಎತ್ತರದಲ್ಲಿ, ಮೂರು ಸಾವಿರ ಮೀಟರಿಗೂ ಮೇಲೆ ಇರುವಂಥದ್ದು. ಉದ್ದ ಬಾಲದ್ದು ಚಿಲಿ ದೇಶದ ಒಣ ಬೆಟ್ಟಗಳದ್ದು. ಮನೆಗಳಲ್ಲಿ ಸಾಕುವುದು ಈ ಎರಡನೆಯದರ ಸಂತತಿಯನ್ನು. ಸಾಂಟಿಯಾಗೋ ನಗರದ ಉತ್ತರಕ್ಕಿರುವ ಇಯಾಪೆಲ್ ಊರಿನ ಬಳಿ ಈ ಪ್ರಾಣಿಗೆಂದೇ 1983ರಲ್ಲಿ ಒಂದು ರಕ್ಷಿತಾರಣ್ಯವನ್ನು ಮಾಡಿದ್ದಾರೆ. ಅರಣ್ಯ ಎಂದರೆ ನಮ್ಮ ಮಲೆನಾಡಿನ ಕಾಡು ಕಣ್ಣಿಗೆ ಕಟ್ಟಿದರೆ ತಪ್ಪಾಗುತ್ತದೆ. ಅಲ್ಲಿರುವುದು ಕಡಿದಾದ ಇಳಿಜಾರು, ಬಿರುಕುಬಿಟ್ಟ ಬಂಡೆಗಳು, ಪಾಪಾಸುಕಳ್ಳಿ, ಅನಾನಸಿನ ಬಳಗಕ್ಕೆ ಸೇರಿದ ಪೂಯಾ ಎಂಬ ಮುಳ್ಳುಗಿಡ. ಮಳೆ ಅಪರೂಪ. ಹಗಲಿಗೂ ರಾತ್ರಿಗೂ ಉಷ್ಣತೆಯಲ್ಲಿ ಅಜಗಜಾಂತರ.

ಹಗಲೆಲ್ಲ ಚಿಂಚಿಲ್ಲಾಗಳು ಬಂಡೆಯ ಸಂದಿಯಲ್ಲಿ ಒತ್ತೊತ್ತಾಗಿ ಮಲಗಿರುತ್ತವೆ. ಕತ್ತಲಾದ ಮೇಲೆ ಹೊರಬರುತ್ತವೆ. ನೆಲದ ಮೇಲೆ ನರಿ, ಆಕಾಶದಲ್ಲಿ ಗೂಬೆ. ಇವುಗಳ ನಡುವೆ ಒಣಹುಲ್ಲು, ಬೀಜ, ತೊಗಟೆ ಹುಡುಕಿಕೊಂಡು ಹೊಟ್ಟೆ ತುಂಬಿಸಿಕೊಳ್ಳಬೇಕು. ಕಚ್ಚಾಡುವ ಶಕ್ತಿ ಇಲ್ಲ, ದೂರದ ಓಟದಲ್ಲಿ ನರಿಯನ್ನು ಸೋಲಿಸುವ ಕಾಲೂ ಇಲ್ಲ. ಇರುವುದು ಒಂದೇ ಕಸುಬು: ಬಂಡೆಯಿಂದ ಬಂಡೆಗೆ, ದಿಕ್ಕು ಬದಲಿಸುತ್ತ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಹಾರಿ ಸಂದಿ ಸೇರುವುದು. ಮುಂಗಾಲು ಗಿಡ್ಡ, ಹಿಂಗಾಲು ಉದ್ದ. ಬಾಲ ಸಮತೋಲ ಕಾಯುತ್ತದೆ. ಗೋಡೆಯಂಥ ಬಂಡೆ ಎದುರಾದರೆ ಅದಕ್ಕೇ ಕಾಲು ಕೊಟ್ಟು ಒದ್ದು ಇನ್ನೊಂದು ಕಡೆಗೆ ಹಾರುತ್ತದೆ. ಆರು ಅಡಿಯವರೆಗೂ ಜಿಗಿಯಬಲ್ಲದು ಎಂಬ ಮಾತು ಸಾಕುವವರ ಬರಹಗಳಲ್ಲೆಲ್ಲ ಕಾಣುತ್ತದೆ. ಅಂಥ ದೊಡ್ಡ ಜಿಗಿತವನ್ನು ಬದಿಗಿಟ್ಟರೂ ಮೂರು ನಾಲ್ಕು ಅಡಿ ಅದಕ್ಕೆ ದಿನನಿತ್ಯದ ಮಾತು.

ಈ ಪ್ರಾಣಿಯನ್ನು ಮನುಷ್ಯ ಹುಡುಕಿಕೊಂಡು ಹೋದದ್ದು ಅದರ ತುಪ್ಪಳಕ್ಕಾಗಿ. ಒಂದು ಉದ್ದ ಕೋಟಿಗೆ ನೂರಕ್ಕೂ ಹೆಚ್ಚು ಚರ್ಮ ಬೇಕು. 19ನೇ ಶತಮಾನದ ಕೊನೆಯ ಹೊತ್ತಿಗೆ ಲಕ್ಷಗಟ್ಟಲೆ ಚರ್ಮ ಹಡಗು ಹತ್ತುತ್ತಿತ್ತು. ಬೆಟ್ಟಗಳು ಬರಿದಾಗುತ್ತ ಬಂದಾಗ 1910ರಲ್ಲಿ ಚಿಲಿ, ಅರ್ಜೆಂಟೀನಾ, ಬೊಲಿವಿಯಾ, ಪೆರು ದೇಶಗಳು ಒಪ್ಪಂದ ಮಾಡಿಕೊಂಡು ಬೇಟೆಯನ್ನು ನಿಷೇಧಿಸಿದವು. ನಂತರ ಚಿಲಿಯ ತಾಮ್ರದ ಗಣಿಯಲ್ಲಿ ಕೆಲಸಕ್ಕಿದ್ದ ಮಥಾಯಸ್ ಚಾಪ್‌ಮನ್ ಎಂಬ ಅಮೆರಿಕನ್ ಎಂಜಿನಿಯರ್ ಸರ್ಕಾರದ ಅನುಮತಿ ಪಡೆದು ಹನ್ನೊಂದು ಚಿಂಚಿಲ್ಲಾಗಳನ್ನು ಹಿಡಿಸಿದರು. ಅಷ್ಟನ್ನು ಹಿಡಿಯಲು ವರ್ಷಗಳೇ ಬೇಕಾದವು. ಬೆಟ್ಟದಿಂದ ಬಯಲಿಗೆ ಒಮ್ಮೆಲೇ ಇಳಿಸಿದರೆ ಬಿಸಿ ತಾಳಲಾರವೆಂದು ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು ಹಂತಹಂತವಾಗಿ ಕೆಳಗಿಳಿಸಿದರು. ಹಡಗಿನಲ್ಲಿ ಮಂಜುಗಡ್ಡೆಯಿಟ್ಟು ಪಂಜರಗಳನ್ನು ತಂಪಾಗಿ ಕಾಯ್ದರು. 1923ರಲ್ಲಿ ಅವು ಕ್ಯಾಲಿಫೋರ್ನಿಯಾ ತಲುಪಿದವು. ಇಂದು ಮನೆಗಳಲ್ಲಿ ಇರುವ ಚಿಂಚಿಲ್ಲಾಗಳಲ್ಲಿ ಬಹುಪಾಲು ಆ ಹನ್ನೊಂದರ ವಂಶವೇ.

ತೂಕದ ಲೆಕ್ಕ ಬಂದ ದಾರಿ

ಆ ಹನ್ನೊಂದು ಪ್ರಾಣಿಗಳು ಬಂದದ್ದು ಮುದ್ದಿಗಲ್ಲ, ತುಪ್ಪಳದ ಸಾಕಣೆಗೆ. ಸಾಕಣೆದಾರನ ಪ್ರಶ್ನೆ ಬೇರೆಯೇ: ಎಷ್ಟು ಕಡಿಮೆ ಜಾಗದಲ್ಲಿ ಪ್ರಾಣಿ ಸಾಯದೆ, ಮರಿ ಹಾಕುತ್ತ, ತುಪ್ಪಳ ಕೆಡಿಸಿಕೊಳ್ಳದೆ ಇರಬಲ್ಲದು? ಉತ್ತರವಾಗಿ ಸಿಕ್ಕಿದ್ದು ಸಾಲುಸಾಲಾಗಿ ಜೋಡಿಸಿದ ತಗ್ಗು ಪೆಟ್ಟಿಗೆಗಳು. ಆಮೇಲೆ ಪ್ರಯೋಗಶಾಲೆಗಳೂ ಈ ಪ್ರಾಣಿಯನ್ನು ಕರೆದುಕೊಂಡವು, ಏಕೆಂದರೆ ಅದಕ್ಕೆ ಕೇಳಿಸುವ ಸ್ವರಗಳ ಹರವು ಮನುಷ್ಯನ ಕಿವಿಯ ಹರವನ್ನು ತಕ್ಕಮಟ್ಟಿಗೆ ಹೋಲುತ್ತದೆ. ಕಿವುಡುತನದ ಸಂಶೋಧನೆಗೆ ಅದು ಒದಗಿಬಂತು. ಅಲ್ಲಿಯೂ ಪಂಜರದ ಅಳತೆಯ ಹಿಂದೆ ಇದ್ದದ್ದು ತೂಕದ ಲೆಕ್ಕವೇ.

ಆ ಲೆಕ್ಕ ಹೇಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಪ್ರಯೋಗಾಲಯದ ಪ್ರಾಣಿಗಳ ಆರೈಕೆಗಾಗಿ ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಹೊರತಂದ ಮಾರ್ಗದರ್ಶಿಯ 2011ರ ಆವೃತ್ತಿಯಲ್ಲಿ ತೂಕಕ್ಕೆ ತಕ್ಕ ಜಾಗದ ಪಟ್ಟಿ ಇದೆ. 350 ಗ್ರಾಂ ದಾಟಿದ ಗಿನಿಪಿಗ್‌ಗೆ ಕನಿಷ್ಠ ಸುಮಾರು 652 ಚದರ ಸೆಂಟಿಮೀಟರ್ ನೆಲ, 18 ಸೆಂಟಿಮೀಟರ್ ಎತ್ತರ. ಎಂದರೆ ಹತ್ತಿಂಚು ಉದ್ದ, ಹತ್ತಿಂಚು ಅಗಲ, ಏಳಿಂಚು ಎತ್ತರ. ಪ್ರಾಣಿ ನಿಲ್ಲಬಹುದು, ತಿರುಗಬಹುದು, ಮಲಗಬಹುದು. ಗಿನಿಪಿಗ್‌ನ ಮಟ್ಟಿಗೂ ಇದು ತೀರ ಜಿಪುಣತನ ಎಂದೇ ನನ್ನ ಅಭಿಪ್ರಾಯ. ಆದರೆ ಗಿನಿಪಿಗ್ ನೆಲದ ಪ್ರಾಣಿ, ಜಿಗಿಯುವುದು ಅದರ ಕಸುಬಲ್ಲ. ತೂಕದ ಪಟ್ಟಿಯನ್ನು ಅದೇ ರೀತಿ ಚಿಂಚಿಲ್ಲಾಕ್ಕೆ ಒಗ್ಗಿಸಿದರೆ ಏನು ಕಳೆದುಹೋಗುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ಹತ್ತು ಆಳು, ಹತ್ತು ಮೂಟೆ, ಒಂದೇ ಅಟ್ಟ

ಆರಂಭದಲ್ಲಿ ಹೇಳಿದ ಇಟಲಿಯವನು ಜೊವಾನಿ ಅಲ್ಫಾನ್ಸೊ ಬೊರೆಲ್ಲಿ ಎಂಬ ಗಣಿತಜ್ಞ. ಪ್ರಾಣಿಗಳ ಚಲನೆಯನ್ನು ಯಂತ್ರದ ಚಲನೆಯಂತೆ ಬಿಡಿಸಿ ನೋಡಿದವರಲ್ಲಿ ಮೊದಲಿಗ. ಅವನ 'ದೆ ಮೋತು ಅನಿಮಾಲಿಯುಮ್' ಎಂಬ ಗ್ರಂಥ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1680-81ರಲ್ಲಿ. ಜಿಗಿತದ ಬಗ್ಗೆ ಅವನಿಂದ ನಮಗೆ ಬಂದ ಒಂದು ನಿಯಮ ಮೊದಲ ಸಲ ಕೇಳಿದವರಿಗೆ ನಂಬಲು ಕಷ್ಟ. ಮೈಕಟ್ಟು ಒಂದೇ ಬಗೆಯದಾಗಿದ್ದರೆ ಚಿಕ್ಕ ಪ್ರಾಣಿಯೂ ದೊಡ್ಡ ಪ್ರಾಣಿಯೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಜಿಗಿಯುತ್ತವೆ.

ಒಬ್ಬ ಆಳು ಒಂದು ಅಕ್ಕಿ ಮೂಟೆಯನ್ನು ಅಟ್ಟಕ್ಕೆ ಏರಿಸುತ್ತಾನೆ ಎಂದುಕೊಳ್ಳಿ. ಹತ್ತು ಆಳು ಬಂದರೆ ಹತ್ತು ಮೂಟೆ ಅಟ್ಟ ಸೇರುತ್ತವೆ. ಅಟ್ಟ ಮಾತ್ರ ಅದೇ ಅಟ್ಟ. ಆಳು ಹತ್ತಾದರೆಂದು ಮೂಟೆ ಹತ್ತು ಅಟ್ಟದಷ್ಟು ಮೇಲೆ ಹೋಗುವುದಿಲ್ಲ, ಏಕೆಂದರೆ ಆಳು ಹೆಚ್ಚಿದಂತೆ ಹೊರೆಯೂ ಅಷ್ಟೇ ಹೆಚ್ಚಿದೆ. ಪ್ರಾಣಿಯ ಮೈಯಲ್ಲಿ ಆಳು ಎಂದರೆ ಸ್ನಾಯು. ಮೂಟೆ ಎಂದರೆ ಆ ಪ್ರಾಣಿಯದೇ ತೂಕ. ಅಟ್ಟ ಎಂದರೆ ಜಿಗಿತದ ಎತ್ತರ. ಪ್ರಾಣಿ ಹತ್ತು ಪಟ್ಟು ಭಾರವಾದರೆ ಅದರ ಸ್ನಾಯುವೂ ಹತ್ತು ಪಟ್ಟು, ಎತ್ತಬೇಕಾದ ಮೈಯೂ ಹತ್ತು ಪಟ್ಟು. ಪ್ರತಿ ಮೂಟೆಗೂ ಒಬ್ಬನೇ ಆಳು. ಹುಲಿ ಬೆಕ್ಕಿಗಿಂತ ಸುಮಾರು ನಲವತ್ತು ಪಟ್ಟು ಭಾರ, ಆದರೆ ನಲವತ್ತು ಪಟ್ಟು ಎತ್ತರಕ್ಕೆ ಅದು ಹಾರುವುದಿಲ್ಲ.

ಈಗ ಅದನ್ನೇ ತಿರುಗಿಸಿ ನೋಡಿ. ಆಳು ಒಬ್ಬನೇ ಉಳಿದರೂ ಅವನ ಒಂದು ಮೂಟೆ ಅದೇ ಅಟ್ಟವನ್ನು ಮುಟ್ಟುತ್ತದೆ. ಪ್ರಾಣಿಯ ಮೈ ಕುಗ್ಗುತ್ತ ಹೋದರೂ ಜಿಗಿತ ಅದರ ಜೊತೆಗೆ ಕುಗ್ಗುವುದಿಲ್ಲ.

ನಿಯಮಕ್ಕೆ ಮಿತಿಗಳಿವೆ. ತೀರ ಚಿಕ್ಕ ಕೀಟಗಳನ್ನು ಗಾಳಿಯೇ ತಡೆಯುತ್ತದೆ. ಕಾಲು ಉದ್ದವಿದ್ದಷ್ಟೂ ನೆಲವನ್ನು ತಳ್ಳಲು ಸಿಗುವ ಸಮಯ ಹೆಚ್ಚು. ಮೈತೂಕದಲ್ಲಿ ಹಿಂಗಾಲ ಸ್ನಾಯುವಿನ ಪಾಲು ಎಷ್ಟು ಎಂಬುದರ ಮೇಲೂ ಜಿಗಿತ ನಿಂತಿದೆ. ಗಿನಿಪಿಗ್ ಹಾರದಿರುವುದು ಅದು ಚಿಕ್ಕದೆಂದಲ್ಲ, ಅದರ ಕಾಲುಗಳ ಕಟ್ಟೇ ಬೇರೆ. ಚಿಂಚಿಲ್ಲಾ ಜಿಗಿಯಲೆಂದೇ ಕಟ್ಟಿದ ಪ್ರಾಣಿ. ಅಂಥ ಪ್ರಾಣಿ ಅರ್ಧ ಕಿಲೊ ತೂಗಲಿ, ಐದು ಕಿಲೊ ತೂಗಲಿ, ಅದಕ್ಕೆ ಬೇಕಾದ ಗಾಳಿಯ ಹಾದಿ ಹತ್ತಿರ ಹತ್ತಿರ ಅಷ್ಟೇ.

ತೂಕದ ಪಟ್ಟಿ ಎಡವಿದ್ದು ಇಲ್ಲಿ. ಮಲಗಲು ಬೇಕಾದ ಜಾಗ ಮೈಯೊಂದಿಗೆ ಕುಗ್ಗುತ್ತದೆ, ತಿನ್ನಲು ಬೇಕಾದ ಜಾಗವೂ ಕುಗ್ಗುತ್ತದೆ. ಜಿಗಿಯಲು ಬೇಕಾದ ಜಾಗ ಕುಗ್ಗುವುದಿಲ್ಲ. ಚಿಂಚಿಲ್ಲಾದ ಪಂಜರವನ್ನು ಅದರ ಮೈಯಿಂದ ಅಳೆಯಬಾರದು, ಅದರ ಜಿಗಿತದಿಂದ ಅಳೆಯಬೇಕು.

ಜಿಗಿತದ ಕಮಾನು

ಜಿಗಿತವನ್ನು ಅಳೆಯುವುದು ಹೇಗೆ? ನೆಲ ಬಿಟ್ಟ ಪ್ರಾಣಿ ಗಾಳಿಯಲ್ಲಿ ಬರೆಯುವ ಹಾದಿ ಒಂದು ಕಮಾನು. ಕಾಲು ನೆಲದಿಂದ ಎದ್ದ ಕ್ಷಣಕ್ಕೇ ಕಮಾನಿನ ಆಕಾರ ನಿಶ್ಚಯವಾಗಿಬಿಡುತ್ತದೆ. ಆಮೇಲೆ ಪ್ರಾಣಿ ಬಾಲವನ್ನು ಬೀಸಿ ಮೈ ತಿರುಗಿಸಿಕೊಳ್ಳಬಹುದು, ಹಾದಿಯನ್ನು ಬದಲಿಸಲಾಗದು. ಕಡಿಮೆ ಶ್ರಮದಲ್ಲಿ ಹೆಚ್ಚು ದೂರ ಹೋಗಬೇಕಾದರೆ ನೇರ ಮುಂದಕ್ಕೂ ಅಲ್ಲ, ನೇರ ಮೇಲಕ್ಕೂ ಅಲ್ಲ, ಎರಡರ ನಟ್ಟನಡುವಿನ ಓರೆಯಲ್ಲಿ ನೆಗೆಯಬೇಕು. ಆಗ ಕಮಾನಿನ ನೆತ್ತಿ ಅದರ ಹರವಿನ ಕಾಲುಭಾಗದಷ್ಟು ಎತ್ತರದಲ್ಲಿರುತ್ತದೆ. ಒಂದು ಮೀಟರ್ ದೂರ ಹಾರುವ ಚಿಂಚಿಲ್ಲಾ ನಡುದಾರಿಯಲ್ಲಿ 25 ಸೆಂಟಿಮೀಟರ್ ಮೇಲೇರಿರುತ್ತದೆ. ಇಡೀ ಹಾರಾಟ ಮುಗಿಯುವುದು ಅರ್ಧ ಸೆಕೆಂಡಿಗೂ ಮೊದಲೇ.

ಪಂಜರದ ಅಳತೆಗೆ ಬೇಕಾದದ್ದೆಲ್ಲ ಈ ಕಮಾನಿನಲ್ಲಿದೆ. ಒಂದು ಮೀಟರ್ ಜಿಗಿತಕ್ಕೆ ಒಂದೇ ಮೀಟರ್ ಉದ್ದದ ಪಂಜರ ಸಾಲದು, ಏಕೆಂದರೆ ಪ್ರಾಣಿಗೆ ಮೈಯಿದೆ. ಹೊರಡುವ ಕಡೆ ಕಾಲೂರಲು, ಇಳಿಯುವ ಕಡೆ ತಡೆದು ನಿಲ್ಲಲು ಜಾಗ ಬೇಕು. ಮೂಗಿನಿಂದ ಬಾಲದ ಬುಡದವರೆಗೆ ಅದರ ಉದ್ದ 25 ಸೆಂಟಿಮೀಟರ್ ಆಸುಪಾಸು. ಎರಡು ತುದಿಗೂ ಅಷ್ಟಷ್ಟು ಸೇರಿಸಿದರೆ ಒಂದೂವರೆ ಮೀಟರ್ ಆಯಿತು. ಎತ್ತರದ ಲೆಕ್ಕವೂ ಹಾಗೆಯೇ. ಕಮಾನಿನ ನೆತ್ತಿಗೆ 25 ಸೆಂಟಿಮೀಟರ್, ಅದರ ಮೇಲೆ ಪ್ರಾಣಿಯ ಮೈಗೆ 15. ಜಿಗಿತದ ಹಾದಿಯ ಮೇಲೆ 40 ಸೆಂಟಿಮೀಟರಿನೊಳಗೆ ಹಲಗೆ ಬಂದರೆ ತಲೆ ತಗುಲುತ್ತದೆ, ಅಥವಾ ಪ್ರಾಣಿ ಜಿಗಿಯುವುದನ್ನೇ ಬಿಡುತ್ತದೆ.

ಅಂಗಡಿಯಲ್ಲಿ ಮಾರುವ ಗೋಪುರದಂಥ ಪಂಜರಗಳ ದೋಷ ಈಗ ತಾನಾಗಿ ಕಾಣುತ್ತದೆ. ಆರಡಿ ಎತ್ತರ, ಎರಡಡಿ ಅಗಲ. 'ಚಿಂಚಿಲ್ಲಾ ಎತ್ತರವನ್ನು ಇಷ್ಟಪಡುತ್ತದೆ' ಎಂಬ ಮಾತನ್ನು ನಂಬಿ ಜನ ಅದನ್ನು ಕೊಳ್ಳುತ್ತಾರೆ. ಎರಡಡಿ ಅಗಲದೊಳಗೆ ಸಿಗುವ ಜಿಗಿತ ಅರ್ಧ ಅಡಿಯೂ ಅಲ್ಲ. ಪ್ರಾಣಿ ಹಲಗೆಯಿಂದ ಹಲಗೆಗೆ ಹತ್ತುತ್ತದೆ, ಇಳಿಯುತ್ತದೆ. ಅದಕ್ಕೆ ಮೆಟ್ಟಿಲು ಸಿಕ್ಕಿತೇ ಹೊರತು ಹಾರಾಟ ಸಿಗಲಿಲ್ಲ. ಅದೇ ಘನ ಅಳತೆಯ ಪಂಜರವನ್ನು ಅಡ್ಡ ಮಲಗಿಸಿ ಅಗಲವಾಗಿ ಮಾಡಿದರೆ ಒಂದು ಚಮಚ ಗಾಳಿಯೂ ಹೆಚ್ಚಾಗದೆ ಕಮಾನಿನ ಹರವು ಹಲವು ಪಟ್ಟು ಬೆಳೆಯುತ್ತದೆ.

ಬಡಗಿಯ ಹತ್ತಿರ ಮಾಡಿಸುವವರಿಗೆ ಇನ್ನೊಂದು ಅನುಕೂಲವಿದೆ. 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಆಳದ ಪಂಜರದಲ್ಲಿ ಮೂಲೆಯಿಂದ ಮೂಲೆಗೆ 134 ಸೆಂಟಿಮೀಟರ್ ಇರುತ್ತದೆ. ಹಲಗೆಗಳನ್ನು ಎದುರುಬದುರಿನ ಗೋಡೆಗಲ್ಲ, ಎದುರುಬದುರಿನ ಮೂಲೆಗಳಿಗೆ ಕೂರಿಸಿದರೆ ಖರ್ಚಿಲ್ಲದೆ ಅರ್ಧ ಅಡಿ ಜಿಗಿತ ಸಿಕ್ಕಂತಾಯಿತು. ನಡುವಿನ ಗಾಳಿ ಖಾಲಿ ಉಳಿಯಬೇಕು. ತುಂಬ ಹಲಗೆ ಇದ್ದರೆ ಪ್ರಾಣಿಗೆ ಒಳ್ಳೆಯದೆಂದು ಒಳಗೆಲ್ಲ ಅಟ್ಟಣಿಗೆ ಕಟ್ಟುವವರಿದ್ದಾರೆ. ಅವರು ಕೊಟ್ಟ ಜಾಗವನ್ನು ತಾವೇ ಕಿತ್ತುಕೊಳ್ಳುತ್ತಿದ್ದಾರೆ.

ಏರಿದಷ್ಟು ಇಳಿಯಬಹುದು

ಹಾಗಾದರೆ ಪಂಜರ ಎತ್ತರವಾದಷ್ಟೂ ಒಳ್ಳೆಯದಲ್ಲವೇ? ಅಲ್ಲ. ಸಮತಟ್ಟಿನ ಜಿಗಿತದಲ್ಲಿ ನೆಲ ಬಿಡುವಾಗ ಕಾಲು ಎಷ್ಟು ಶಕ್ತಿ ಹಾಕಿತೋ ಇಳಿಯುವಾಗ ಅಷ್ಟೇ ಶಕ್ತಿಯನ್ನು ಹೀರಿಕೊಳ್ಳಬೇಕು. ಹಾರಿಸಿದ ಕಾಲಿಗೆ ಇಳಿಸುವ ಬಲವೂ ಇದೆ. ಅದಕ್ಕೇ ಪ್ರಾಣಿ ತಾನಾಗಿ ಜಿಗಿದಾಗ ಪೆಟ್ಟು ಮಾಡಿಕೊಳ್ಳುವುದು ಅಪರೂಪ. ಆದರೆ ಬೀಳುವ ಎತ್ತರಕ್ಕೂ ಕಾಲಿನ ಬಲಕ್ಕೂ ಸಂಬಂಧವಿಲ್ಲ. ಎರಡಡಿಯಿಂದ ಬಿದ್ದದ್ದಕ್ಕಿಂತ ಆರಡಿಯಿಂದ ಬಿದ್ದಾಗ ಮೈ ಹೀರಬೇಕಾದ ಶಕ್ತಿ ಮೂರು ಪಟ್ಟು. ಅದರಲ್ಲೂ ರಾತ್ರಿ ಏನಾದರೂ ಸದ್ದಾಗಿ, ಬೆದರಿ, ಅಡ್ಡಡ್ಡಲಾಗಿ ಬಿದ್ದರೆ ಕಾಲು ಸಹಾಯಕ್ಕೆ ಬರುವುದೇ ಇಲ್ಲ.

ಜೆ.ಬಿ.ಎಸ್. ಹಾಲ್ಡೇನ್ ಈ ವಿಷಯವನ್ನು ಒಂದು ಪ್ರಸಿದ್ಧ ಪ್ರಬಂಧದಲ್ಲಿ ಚರ್ಚಿಸಿದ್ದಾರೆ. ಬದುಕಿನ ಕೊನೆಯ ವರ್ಷಗಳನ್ನು ಭಾರತದಲ್ಲಿ ಕಳೆದು 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಅದೇ ಜೀವವಿಜ್ಞಾನಿ. ಆಳದ ಗಣಿಗೆ ಬಿದ್ದ ಸುಂಡಿಲಿ ಉಳಿಯುತ್ತದೆ, ಹೆಗ್ಗಣದ ಗಾತ್ರದ್ದು ಉಳಿಯುವುದಿಲ್ಲ ಎಂಬುದು ಅವರು ವಿವರಿಸಿದ ಸಂಗತಿ. ಮೈ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು, ಗಾಳಿ ಅದನ್ನು ಹೆಚ್ಚು ತಡೆಯುತ್ತದೆ. ಅರ್ಧ ಕಿಲೊ ತೂಗುವ ಚಿಂಚಿಲ್ಲಾ ಆ ರಕ್ಷಣೆಯ ಗೆರೆಯನ್ನು ದಾಟಿದ ಪ್ರಾಣಿ.

ಅದರ ಕಾಲಿನ ರಚನೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ನಮ್ಮ ಮೊಣಕಾಲಿನ ಕೆಳಗೆ ಎರಡು ಮೂಳೆಗಳು ಜೊತೆಯಾಗಿ ನಿಂತಿವೆ. ಚಿಂಚಿಲ್ಲಾದಲ್ಲಿ ಎರಡನೆಯದು ಹೆಸರಿಗಷ್ಟೇ ಉಳಿದಿದೆ. ಉದ್ದವಾದ, ತೆಳುವಾದ ಒಂದೇ ಮೂಳೆಯ ಮೇಲೆ ಇಡೀ ಭಾರ. ಜಿಗಿತಕ್ಕೆ ಹಗುರವಾದ ಕಾಲು ಒಳ್ಳೆಯದು, ಪೆಟ್ಟಿಗೆ ಅಲ್ಲ. ಪಶುವೈದ್ಯರ ಬಳಿಗೆ ಬರುವ ಚಿಂಚಿಲ್ಲಾಗಳಲ್ಲಿ ಈ ಮೂಳೆಯ ಮುರಿತ ಸಾಮಾನ್ಯ, ಮತ್ತೆ ಅದಕ್ಕೆ ಮುಖ್ಯ ಕಾರಣ ತಂತಿಜಾಲರಿಯಲ್ಲಿ ಕಾಲು ಸಿಕ್ಕಿಕೊಳ್ಳುವುದು. ಹಾರುತ್ತಿರುವ ಪ್ರಾಣಿಯ ಪಾದ ಜಾಲರಿಯ ಕಣ್ಣಿಗೆ ಸಿಕ್ಕಿದರೆ ಮೈ ಮುಂದೆ ಹೋಗುತ್ತದೆ, ಕಾಲು ಹಿಂದೆ ಉಳಿಯುತ್ತದೆ.

ಆದ್ದರಿಂದ ನೆಲವೂ ಹಲಗೆಗಳೂ ಗಟ್ಟಿಯಾಗಿರಬೇಕು, ಜಾಲರಿಯದ್ದಾಗಬಾರದು. ಜಾಲರಿಯ ನೆಲದ ಮೇಲೆ ನಿಂತು ನಿಂತು ಅಂಗಾಲು ಹುಣ್ಣಾಗುವುದೂ ಉಂಟು. ಹಲಗೆಗಳನ್ನು ಒಂದರ ಕೆಳಗೊಂದು ಬರದಂತೆ, ಎಲ್ಲಿಂದ ಜಾರಿದರೂ ಎರಡಡಿಯೊಳಗೆ ಇನ್ನೊಂದು ಹಲಗೆ ಅಡ್ಡ ಬರುವಂತೆ ಕೂರಿಸಬೇಕು. ಜಿಗಿತದ ಹಾದಿ ತೆರೆದಿರಬೇಕು, ಬೀಳುವ ಹಾದಿ ಮುಚ್ಚಿರಬೇಕು. ಪಂಜರ ಕಟ್ಟುವವರ ಜಾಣ್ಮೆಯೆಲ್ಲ ಇಷ್ಟರಲ್ಲೇ ಇದೆ.

ಬರಿ ಜಾಗಕ್ಕೆ ಬೆಲೆ ಕೊಡದ ಮಿಂಕ್

ಇಲ್ಲಿ ಒಂದು ಸಂಶಯ ಏಳಬಹುದು. ಜಿಗಿಯುವ ಶಕ್ತಿಯಿದ್ದ ಮಾತ್ರಕ್ಕೆ ಜಿಗಿಯಲೇಬೇಕೆ? ನರಿಯಿಲ್ಲ, ಗೂಬೆಯಿಲ್ಲ, ಹುಲ್ಲು ಬಾಯ ಹತ್ತಿರವೇ ಇದೆ. ಸುಮ್ಮನೆ ಕೂತಿರಬಾರದೇ?

ಪ್ರಾಣಿಗೆ ಏನು ಬೇಕು ಎಂಬುದನ್ನು ನಮ್ಮ ಕಣ್ಣಿನಿಂದ ತೀರ್ಮಾನಿಸಿದರೆ ಎಡವುತ್ತೇವೆ. 1965ರಲ್ಲಿ ಬ್ರಿಟನ್ನಿನ ಬ್ರಾಂಬೆಲ್ ಸಮಿತಿ ಕೋಳಿ ಸಾಕಣೆಯ ಪಂಜರಗಳನ್ನು ಪರಿಶೀಲಿಸಿ, ಸಣ್ಣ ಕಣ್ಣಿನ ತೆಳು ಜಾಲರಿಯ ನೆಲ ಕೋಳಿಯ ಕಾಲಿಗೆ ಹಿತವಲ್ಲವೆಂದು ಹೇಳಿತು. ಕೆಲವು ವರ್ಷಗಳ ಬಳಿಕ, 1973ರಲ್ಲಿ, ಹ್ಯೂಸ್ ಮತ್ತು ಬ್ಲ್ಯಾಕ್ ಎಂಬ ವಿಜ್ಞಾನಿಗಳು ಬೇರೆ ಬೇರೆ ನೆಲಗಳನ್ನು ಕೋಳಿಗಳ ಮುಂದೆಯೇ ಇಟ್ಟು ಆಯ್ಕೆಯನ್ನು ಅವುಗಳಿಗೆ ಬಿಟ್ಟರು. ಸಮಿತಿ ಬೇಡವೆಂದ ಜಾಲರಿಯನ್ನೇ ಕೋಳಿಗಳು ಮೆಚ್ಚಿದವು. ಒಳ್ಳೆಯ ಮನಸ್ಸಿನಿಂದ ಮಾಡಿದ ಊಹೆಯೂ ಊಹೆಯೇ.

ಆಯ್ಕೆಗಿಂತ ಗಟ್ಟಿಯಾದ ಇನ್ನೊಂದು ಪರೀಕ್ಷೆ ಇದೆ: ಬೆಲೆ ಕೇಳುವುದು. 2001ರಲ್ಲಿ ಜಾರ್ಜಿಯಾ ಮೇಸನ್ ಮತ್ತು ಜೊತೆಗಾರರು ತುಪ್ಪಳಕ್ಕಾಗಿ ಸಾಕುವ ಮಿಂಕ್ ಎಂಬ ಪ್ರಾಣಿಗಳಿಗೆ ಹಲವು ಕೋಣೆಗಳನ್ನು ತೆರೆದಿಟ್ಟರು. ಒಂದರಲ್ಲಿ ಈಜಲು ನೀರು, ಒಂದರಲ್ಲಿ ಎತ್ತರದ ಹಲಗೆ, ಒಂದರಲ್ಲಿ ಸುರಂಗ, ಒಂದರಲ್ಲಿ ಆಟಿಕೆ. ಒಂದು ಕೋಣೆ ಪೂರ್ತಿ ಖಾಲಿ. ಪ್ರತಿ ಬಾಗಿಲಿಗೂ ಭಾರ ಹೇರಿ, ಅದನ್ನು ಹೆಚ್ಚಿಸುತ್ತ ಹೋದರು. ಒಳಗಿನದು ಎಷ್ಟು ಬೇಕೋ ಅಷ್ಟು ತಳ್ಳುವ ಶ್ರಮ. ನೀರಿಗೆ ಮಿಂಕ್‌ಗಳು ಎಲ್ಲಕ್ಕಿಂತ ಹೆಚ್ಚು ಬೆಲೆ ತೆತ್ತವು. ನೀರಿನ ಕೋಣೆಯನ್ನು ಮುಚ್ಚಿದಾಗ, ಊಟ ತಪ್ಪಿಸಿದಾಗ ಏರುವಂತೆಯೇ ಅವುಗಳ ಮೂತ್ರದಲ್ಲಿ ಒತ್ತಡದ ಹಾರ್ಮೋನು ಏರಿತು. ಎಷ್ಟೋ ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿ ಬೆಳೆದ ಪ್ರಾಣಿಗಳವು. ಖಾಲಿ ಕೋಣೆಗಾಗಿ ಅವು ಅಂಥ ಶ್ರಮ ಪಡಲಿಲ್ಲ.

ನನ್ನ ಮಟ್ಟಿಗೆ ಈ ಪ್ರಯೋಗದ ತಿರುಳು ಆ ಖಾಲಿ ಕೋಣೆಯಲ್ಲಿದೆ. ಪ್ರಾಣಿ ಬಯಸುವುದು ಬರಿಯ ಜಾಗವನ್ನಲ್ಲ, ಜಾಗದಲ್ಲಿ ಮಾಡಬಹುದಾದ ತನ್ನ ಕಸುಬನ್ನು. ಮಿಂಕ್‌ಗೆ ನೀರಿನ ಕಸುಬು, ಚಿಂಚಿಲ್ಲಾಕ್ಕೆ ಬಂಡೆಯ ಕಸುಬು. ಕಸುಬು ಕಿತ್ತುಕೊಂಡರೆ ಏನಾಗುತ್ತದೆ ಎಂಬುದನ್ನು ತುಪ್ಪಳ ಸಾಕಣೆಯ ಪೆಟ್ಟಿಗೆಗಳಲ್ಲಿ ನೋಡಲಾಗಿದೆ. ಕೆಲವು ಚಿಂಚಿಲ್ಲಾಗಳು ತಮ್ಮ ತುಪ್ಪಳವನ್ನು ತಾವೇ ಕಡಿದು ಮೈ ಬೋಳು ಮಾಡಿಕೊಳ್ಳುತ್ತವೆ. ಕಂಬಿಯನ್ನು ಕಚ್ಚುತ್ತಲೇ ಇರುವುದು, ಒಂದೇ ಮೂಲೆಯಲ್ಲಿ ಒಂದೇ ರೀತಿ ಮತ್ತೆ ಮತ್ತೆ ನೆಗೆಯುವುದು ಇವೂ ಉಂಟು. ಇಂಥ ಗೀಳುನಡೆ ಹೆಚ್ಚಾಗಿ ಕಾಣುವುದು ರಾತ್ರಿ, ಕಾಡಿನಲ್ಲಾಗಿದ್ದರೆ ಅವು ಬಂಡೆಗಳ ಮೇಲಿರುತ್ತಿದ್ದ ಹೊತ್ತಿನಲ್ಲಿ.

ಸಂಜೆ ಒಂದು ಗಂಟೆ ಕೋಣೆಯಲ್ಲಿ ಬಿಡುತ್ತೇವಲ್ಲ, ಪಂಜರ ಚಿಕ್ಕದಿದ್ದರೆ ನಡೆಯುತ್ತದೆ ಎನ್ನುವವರಿದ್ದಾರೆ. ಹೊರಗೆ ಬಿಡುವುದು ಒಳ್ಳೆಯದೇ, ವಿದ್ಯುತ್ ತಂತಿಗಳನ್ನು ಮುಚ್ಚಿಟ್ಟು ದಿನವೂ ಬಿಡಬೇಕು. ಆದರೆ ನಾವು ದೀಪ ಆರಿಸಿ ಮಲಗುವ ಹೊತ್ತಿಗೆ ಆ ಪ್ರಾಣಿಯ ದಿನ ಶುರುವಾಗುತ್ತದೆ. ಬೆಳಗಿನ ತನಕ ಅದಕ್ಕೆ ಉಳಿಯುವುದು ಪಂಜರ ಮಾತ್ರ.

ಅಳತೆ

ಇಷ್ಟನ್ನು ತಿಳಿದ ಮೇಲೆ ಅಂಕಿಗಳು ಬಾಯಿಪಾಠದಂತೆ ಅನ್ನಿಸಬೇಕಿಲ್ಲ. ಒಂದು ಜೋಡಿಗೆ 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಆಳ, 120 ಸೆಂಟಿಮೀಟರ್ ಎತ್ತರವನ್ನು ನಾನು ಕೆಳಮಿತಿ ಎಂದು ಹೇಳುತ್ತೇನೆ. ಇದರಲ್ಲಿ ಮೂಲೆಯಿಂದ ಮೂಲೆಗೆ ಮೂರಡಿಗೆ ಸಮೀಪದ ಒಂದು ಜಿಗಿತ ಸಿಗುತ್ತದೆ, ಎರಡು ಮೂರು ಮಟ್ಟಗಳು ಸಿಗುತ್ತವೆ. ಉದ್ದವನ್ನು ಒಂದೂವರೆ ಮೀಟರಿಗೆ ಏರಿಸಿದರೆ ಪೂರ್ತಿ ಒಂದು ಮೀಟರಿನ ಕಮಾನು ನಿರಾಯಾಸವಾಗಿ ಹಿಡಿಸುತ್ತದೆ. ಕೈಪಿಡಿಗಳ 2 ಮೀಟರ್ ಅಳತೆಯಲ್ಲಿ ಓಡಿ ಬಂದು ಹಾರಬಹುದು. ಹಣ ಮತ್ತು ಜಾಗ ಒಂದಿಷ್ಟು ಹೆಚ್ಚಿಗಿದ್ದರೆ ಎತ್ತರಕ್ಕೆ ಹಾಕದೆ ಉದ್ದಕ್ಕೆ ಹಾಕಿ.

ಚಿಂಚಿಲ್ಲಾ ಗುಂಪಿನ ಪ್ರಾಣಿ, ಒಂಟಿಯಾಗಿ ಇಡುವುದು ಸರಿಯಲ್ಲ. ಹಾಗೆಂದು ಎರಡಕ್ಕೆ ಎರಡು ಪಟ್ಟು ಜಾಗ ಎಂಬ ಲೆಕ್ಕವೂ ಇಲ್ಲ. ಜಿಗಿತದ ಹಾದಿಯನ್ನು ಎರಡೂ ಹಂಚಿಕೊಳ್ಳುತ್ತವೆ. ಹಂಚಿಕೊಳ್ಳಲಾಗದ್ದು ಅಡಗುವ ಗೂಡು. ಜಗಳ ಬಂದಾಗ, ಅದರಲ್ಲೂ ಹೆಣ್ಣಿಗೆ ಸಿಟ್ಟು ಬಂದಾಗ, ಇನ್ನೊಂದಕ್ಕೆ ತಪ್ಪಿಸಿಕೊಳ್ಳಲು ದಾರಿ ಬೇಕು. ಆದ್ದರಿಂದ ಗೂಡುಗಳು ಎರಡಿರಲಿ, ಪ್ರತಿ ಗೂಡಿಗೂ ಬಾಗಿಲು ಎರಡಿರಲಿ.

ಕಂಬಿಗಳ ನಡುವಿನ ಅಂತರ ಬೆಳೆದ ಪ್ರಾಣಿಗೆ ಒಂದಿಂಚು ಮೀರಬಾರದು, ಮರಿಗಳಿದ್ದರೆ ಅದರ ಅರ್ಧ. ಹಲಗೆ ಬಣ್ಣ, ವಾರ್ನಿಶ್ ಹಚ್ಚದ ಪೈನ್ ಮರದ್ದಾಗಿರಲಿ. ಜೀವನಪೂರ್ತಿ ಬೆಳೆಯುವ ಹಲ್ಲಿನ ಪ್ರಾಣಿ ಅದು, ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಪ್ಲಾಸ್ಟಿಕ್ ಹೊಟ್ಟೆ ಸೇರಿದರೆ ಕರುಳು ಕಟ್ಟುತ್ತದೆ. ಓಟದ ಚಕ್ರ ಇಡುವುದಾದರೆ ಅಡ್ಡಳತೆ 15 ಇಂಚಿಗೆ ಕಡಿಮೆಯಾಗದಿರಲಿ, ಇಲ್ಲದಿದ್ದರೆ ಬೆನ್ನು ಬಾಗಿಯೇ ಓಡಬೇಕಾಗುತ್ತದೆ.

ಪಂಜರದ ಹೊರಗಿನ ಅಳತೆ

ಕನ್ನಡದ ಓದುಗರಿಗೆ ಹೇಳಲೇಬೇಕಾದ ಮಾತೊಂದಿದೆ. ಪಂಜರದ ಉದ್ದಗಲಕ್ಕಿಂತ ಮೊದಲು ಅಳೆಯಬೇಕಾದದ್ದು ಕೋಣೆಯ ಉಷ್ಣತೆಯನ್ನು. ನಮ್ಮ ತಲೆಯ ಒಂದು ರೋಮಕೂಪದಿಂದ ಒಂದೆರಡು ಕೂದಲು ಬಂದರೆ ಚಿಂಚಿಲ್ಲಾದಲ್ಲಿ ಒಂದೊಂದರಿಂದ ಐವತ್ತಕ್ಕೂ ಹೆಚ್ಚು ಬರುತ್ತವೆ. ಒಂದು ಚದರ ಸೆಂಟಿಮೀಟರಿನಲ್ಲಿ ಸುಮಾರು 20,000. ಈ ತುಪ್ಪಳವನ್ನು ದಾಟಿ ಮೈಯ ಬಿಸಿ ಹೊರಬರಲಾರದು. ನಮ್ಮಂತೆ ಬೆವರಿ ತಂಪಾಗುವ ದಾರಿಯೂ ಅದಕ್ಕಿಲ್ಲ. ಬಿಸಿ ಹೊರಹೋಗಲು ಇರುವ ಮುಖ್ಯ ದಾರಿ ತೆಳುವಾದ ಅಗಲ ಕಿವಿಗಳು. ಉಷ್ಣತೆ 28 ಡಿಗ್ರಿಯ ಹತ್ತಿರ ಬಂದರೆ ಪ್ರಾಣ ತೆಗೆಯುವ ತಾಪಾಘಾತದ ಭಯ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದಕ್ಕಿಂತ ಮೊದಲೇ ಅಪಾಯ.

ಏಪ್ರಿಲ್ ಮಧ್ಯಾಹ್ನ ಬೆಂಗಳೂರು 33-34 ಡಿಗ್ರಿ ಮುಟ್ಟುತ್ತದೆ. ಕಲಬುರಗಿಯ ಬೇಸಿಗೆ 40 ದಾಟುತ್ತದೆ. ಮಂಗಳೂರಿನಲ್ಲಿ ಬಿಸಿಯ ಜೊತೆಗೆ ಕಡಲಿನ ತೇವವಿದೆ. ಮಡಿಕೇರಿ ತಂಪಾದರೂ ಅಲ್ಲಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಗೋಡೆಯೇ ಒಣಗುವುದಿಲ್ಲ. ನುಣ್ಣನೆಯ ಧೂಳಿನಲ್ಲಿ ಹೊರಳಿ ಮೈ ತೊಳೆದುಕೊಳ್ಳುವ ಪ್ರಾಣಿಗೆ ಒದ್ದೆ ತುಪ್ಪಳ ರೋಗಕ್ಕೆ ದಾರಿ. ಕಡಪ ಕಲ್ಲಿನ ಒಂದು ಚಪ್ಪಡಿಯನ್ನು ಪಂಜರದಲ್ಲಿ ಇಟ್ಟರೆ ಪ್ರಾಣಿ ಅದರ ಮೇಲೆ ಮೈ ಚಾಚಿ ಸ್ವಲ್ಪ ತಂಪಾಗುತ್ತದೆ, ನಿಜ. ಆದರೆ ಕೋಣೆಯೇ ಕಾದಿದ್ದರೆ ಕಲ್ಲೂ ಕಾಯುತ್ತದೆ. ಉಳಿಯುವುದು ಹಗಲೂ ರಾತ್ರಿ ಏಸಿ, ವಿದ್ಯುತ್ ಹೋದಾಗ ಅದನ್ನು ನಡೆಸಬಲ್ಲ ಜನರೇಟರು. ಈ ಏರ್ಪಾಡು ಒಂದು ಬೇಸಿಗೆಗಲ್ಲ: ಚಿಂಚಿಲ್ಲಾದ ಆಯಸ್ಸು ಹತ್ತು ಹದಿನೈದು ವರ್ಷ, ಇಪ್ಪತ್ತರವರೆಗೂ ಬದುಕಿದ್ದುಂಟು.

ಎರಡೂ ಜಾತಿಯ ಕಾಡು ಚಿಂಚಿಲ್ಲಾಗಳು ಇಂದು ಅಳಿವಿನಂಚಿನಲ್ಲಿವೆ. ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಮೊದಲನೇ ಪಟ್ಟಿಯಲ್ಲಿ ಅವುಗಳ ಹೆಸರಿದೆ. ಸಾಕಿದ ತಳಿಗೆ ಮಾತ್ರ ಅದರಿಂದ ವಿನಾಯಿತಿ. ಚಿಂಚಿಲ್ಲಾ ತುಪ್ಪಳದ ಆಮದನ್ನು ಭಾರತ 2017ರ ಜನವರಿಯಲ್ಲಿ ನಿಷೇಧಿಸಿತು. ಜೀವಂತ ಪ್ರಾಣಿಯನ್ನು ಕೊಳ್ಳುವ ಯೋಚನೆಯಿದ್ದವರು ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ಮಾರುವವರಿಂದ ದಾಖಲೆ ಕೇಳಿ, ಈ ಪ್ರಾಣಿಯನ್ನು ನೋಡಿ ಬಲ್ಲ ಪಶುವೈದ್ಯರು ನಿಮ್ಮೂರಿನಲ್ಲಿ ಇದ್ದಾರೆಯೇ ಎಂದು ತಿಳಿದುಕೊಳ್ಳಿ. ಆಮೇಲೆ ಒಂದು ಉಷ್ಣಮಾಪಕವನ್ನು ತಂದು, ಪಂಜರ ಇಡಬೇಕೆಂದಿರುವ ಕೋಣೆಯಲ್ಲಿ ಮಾರ್ಚ್‌ನಿಂದ ಮೇವರೆಗೆ ತೂಗುಹಾಕಿ. ವರ್ಷಪೂರ್ತಿ 25 ಡಿಗ್ರಿಯೊಳಗೆ ಒಣಗಿರುವಂತೆ ಇಡಲಾಗದ ಕೋಣೆಯಾದರೆ ಪಂಜರ ಎಷ್ಟೇ ದೊಡ್ಡದಿರಲಿ, ಆ ಮನೆಗೆ ಚಿಂಚಿಲ್ಲಾ ಬೇಡ.